ಮಿರಜೆ–ಸಾಂಗಲಿಗಳ ಕನ್ನಡ ನಂಟು

ಧಾರವಾಡ, ಬೆಳಗಾವಿ, ವಿಜಯಪುರ ಪ್ರಾಂತಗಳ ಕನ್ನಡಿಗನಿಗೆ ಮಿರಜೆಯೆಂಬ ಊರು ಪ್ರಾಯಶಃ ಎರಡೇ ಕಾರಣಗಳಿಂದ ಪರಿಚಿತವಾಗಿರುವುದು: ಒಂದು, ಪುಣೆ–ಮುಂಬಯಿಗಳಿಗೆ ಹೊರಟವನು ಹಿಂದೆ ಅಪರಾತ್ರಿಯಲ್ಲಿ ಗಾಡಿ ಬದಲಿಸಬೇಕಾಗಿದ್ದ ಜಂಕ್ಷನ್ನು, ಇನ್ನೊಂದು, ಮನೆಯಲ್ಲಿ ಯಾರಿಗಾದರೂ ವ್ಯಾಧಿ ಉಲ್ಬಣಿಸಿ ಊರಿನ ವೈದ್ಯರು ಕೈಚೆಲ್ಲಿದಾಗ ಹಿರಿಯರ ಬಾಯಿಂದ ಹೊರಡುತ್ತಿದ್ದ “ಮಿರಜಿ ದವಾಖಾನಿಗೆ ಒಯ್ಯೋಣ” ಎಂಬ ನಿರ್ಧಾರ. ಸಾಂಗಲಿಯಾದರೋ ವರ್ತಕರಿಗೆ ಅರಿಸಿನದ ಪೇಟೆಯಾಗಿ, ಭಕ್ತರಿಗೆ ಗಣಪತಿಯ ಸನ್ನಿಧಾನವಾಗಿ ಗೊತ್ತು. ಕೃಷ್ಣಾ ನದಿಯ ಆಶ್ರಯದಲ್ಲಿ ಸುಮಾರು ಎರಡು ಹರದಾರಿಯ ಅಂತರದಲ್ಲಿ ಬೆಳೆದು, 1998ರಲ್ಲಿ ಕುಪವಾಡದೊಡನೆ ಕೂಡಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟಿರುವ ಈ ಜೋಡಿ ಊರುಗಳ ಕೋಟೆ, ದರ್ಗಾ, ದೇವಾಲಯ, ಆಸ್ಪತ್ರೆ, ನಾಟ್ಯಮಂದಿರಗಳನ್ನು ಸಂದರ್ಶಿಸಲು ಹೋದ ಕನ್ನಡಿಗನು ಅವುಗಳನ್ನು ಪರಪ್ರಾಂತದ ಪ್ರೇಕ್ಷಣೀಯ ವಸ್ತುಗಳೆಂದು ಮಾತ್ರ ಭಾವಿಸಿ ಮರಳಿ ಬಂದನಾದರೆ, ಕಂಡುದಕ್ಕಿಂತ ಕಾಣದೆ ಬಿಟ್ಟುದೇ ಹೆಚ್ಚು ಎನ್ನಬೇಕು. ನಮ್ಮ ಸಂಗೀತದ, ನಾಟಕದ, ಸಾಹಿತ್ಯಚರಿತ್ರೆಯ ಎಷ್ಟೋ ಎಳೆಗಳು ಈ ಎರಡು ಊರುಗಳಲ್ಲಿ ಗಂಟು ಬಿದ್ದಿವೆ. ನಾವು ಇಲ್ಲಿಗೆ ಕೊಟ್ಟುದೂ ಉಂಟು, ಇಲ್ಲಿಂದ ಪಡೆದುದೂ ಉಂಟು.

ಸಾಂಗಲಿ ನಿನ್ನೆ ಮೊನ್ನೆಯ ಊರು, ಮಿರಜೆ ಪುರಾತನವಾದುದು. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಇದು ಮಿರಿಂಜೆ ಮೂರುಸಾಸಿರವೆಂಬ ನಾಡಿನ ಮುಖ್ಯಸ್ಥಳವಾಗಿದ್ದಿತು. ಎರಡನೆಯ ಜಯಸಿಂಹನು 1024ರಲ್ಲಿ ಕೊಡಿಸಿದ ದಾನದ ತಾಮ್ರಶಾಸನಗಳು ಇತಿಹಾಸಕಾರರಲ್ಲಿ ಮಿರಜೆಯ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ತರುವಾಯ ಈ ನಾಡನ್ನಾಳಿದ ಕೊಲ್ಲಾಪುರದ ಶಿಲಾಹಾರರು ತಮ್ಮ ಶಿಲಾಶಾಸನಗಳಲ್ಲಿ ಬಹುಭಾಗವನ್ನು ಕನ್ನಡದಲ್ಲಿ ಬರೆಯಿಸಿದವರು. ಆ ವಂಶದ ಗಂಡರಾದಿತ್ಯನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಮಿರಿಂಜೆ ನಾಡಿನ ಇರುಕುಡಿಯಲ್ಲಿ ಗಂಡಸಮುದ್ರವೆಂಬ ಮಹಾತಟಾಕವನ್ನು ಕಟ್ಟಿಸಿ, ಅದರ ದಂಡೆಯ ಮೇಲೆ ಶಿವನನ್ನೂ ಬುದ್ಧನನ್ನೂ ಅರ್ಹಂತನನ್ನೂ ಪ್ರತಿಷ್ಠಿಸಿ, ಮೂವರ ಪೂಜೆಗೂ ಭೂಮಿಯನ್ನು ಬಿಟ್ಟನು. ಹಲವು ಮತಗಳ ಜನ ಒಂದೆಡೆ ನೆಲಸಿರುವುದನ್ನು ಇಂದಿನ ಮಹಾನಗರಗಳ ವಿಶೇಷವೆಂಬಂತೆ ವರ್ಣಿಸುವವರು ಈ ಕೆರೆಯ ಏರಿಯನ್ನು ನೆನೆಯಬೇಕು.

ಕೋಟೆಯ ಕಥೆಯನ್ನು ಸಂಕ್ಷೇಪವಾಗಿಯೇ ಹೇಳಿ ಮುಗಿಸಬಹುದು, ಏಕೆಂದರೆ ದಖ್ಖನದ ಕೋಟೆಗಳ ಕಥೆಯೆಲ್ಲ ಒಂದೇ ಬಗೆಯದು. ಬಹಮನಿಗಳಿಂದ ಬಿಜಾಪುರದ ಆದಿಲಶಾಹಿಗಳ ಕೈಸೇರಿದ ಮಿರಜೆಯ ಕೋಟೆಯನ್ನು ಅಫಜಲಖಾನನ ವಧೆಯಾದ ಮೇಲೆ ಶಿವಾಜಿಯು ಮುತ್ತಿ, 1660ರ ಆರಂಭದಲ್ಲಿ ಮುತ್ತಿಗೆಯನ್ನು ತೆಗೆದು ಪನ್ಹಾಳಕ್ಕೆ ಸರಿಯಬೇಕಾಯಿತು. ಬಿಜಾಪುರ ಪತನವಾದ ಮರುವರ್ಷ, 1687ರಲ್ಲಿ, ಅದು ಔರಂಗಜೇಬನ ವಶವಾಯಿತು. 1739ರಲ್ಲಿ ಛತ್ರಪತಿ ಶಾಹುವು ದೀರ್ಘಕಾಲದ ಮುತ್ತಿಗೆಯ ಬಳಿಕ ಅದನ್ನು ಗೆದ್ದನು. 1761ರಲ್ಲಿ ಪೇಶವೆಯು ಗೋವಿಂದ ಹರಿ ಪಟವರ್ಧನನಿಗೆ ಅದನ್ನು ಒಪ್ಪಿಸಿದನು. ಇಂದು ಊರು ಕೋಟೆಯ ಮೇಲೆಯೇ ಬೆಳೆದು ನಿಂತಿರುವುದರಿಂದ ದುರ್ಗದ ವೈಭವವನ್ನು ಅರಸಿ ಬಂದವನಿಗೆ ನಿರಾಶೆಯಾದೀತು. ಅಂಥವನು ನೇರವಾಗಿ ದರ್ಗಾಕ್ಕೆ ನಡೆಯುವುದು ಲೇಸು.

ಖ್ವಾಜಾ ಶಮ್ಸುದ್ದೀನ್ ಮೀರಾಸಾಹೇಬರ ದರ್ಗಾವು ಮಿರಜೆಯ ಹೃದಯವೆಂದರೆ ಉತ್ಪ್ರೇಕ್ಷೆಯಲ್ಲ. ಉರುಸಿನಲ್ಲಿ ಪ್ರಥಮ ಗಲೀಫವನ್ನು, ಎಂದರೆ ಸಮಾಧಿಯ ಮೇಲಿನ ವಸ್ತ್ರವನ್ನು, ಹೊದಿಸುವ ಮಾನವು ಚರ್ಮಕಾರ ಸಮಾಜಕ್ಕೆ ಸಲ್ಲುತ್ತ ಬಂದಿರುವುದು ಇಲ್ಲಿಯ ಪರಂಪರೆ. ಸೂಫಿಯ ಸಮಾಧಿಯೊಂದರ ಮಹೋತ್ಸವವು, ಹಿಂದೂ–ಮುಸ್ಲಿಮ್ ಎರಡೂ ಧರ್ಮಗಳ ಮೇಲ್ಮಟ್ಟದವರು ಹಿಂದೆ ದೂರವಿಟ್ಟಿದ್ದ ಕಸುಬಿನವರ ಕೈಯಿಂದ ಆರಂಭವಾಗುವುದು ಸಾಮಾನ್ಯ ಸಂಗತಿಯೇ? ಉತ್ತರ ಹಿಂದುಸ್ಥಾನದ ಕೈರಾನಾದಲ್ಲಿ 1872ರಲ್ಲಿ ಜನಿಸಿದ ಉಸ್ತಾದ ಅಬ್ದುಲ್ ಕರೀಂ ಖಾನರು ಮಹಾವ್ಯಾಧಿಗೆ ತುತ್ತಾಗಿ ಈ ದರ್ಗಾದ ಮರದಡಿಯಲ್ಲಿ ಕುಳಿತು ಹಾಡಿ ಗುಣಮುಖರಾದರೆಂದೂ, ಆ ಕೃತಜ್ಞತೆಯಿಂದಲೇ ಮಿರಜೆಯನ್ನು ತಮ್ಮ ಊರಾಗಿ ಮಾಡಿಕೊಂಡರೆಂದೂ ಇಲ್ಲಿಯ ಜನ ಹೇಳುತ್ತ ಬಂದಿದ್ದಾರೆ. ಕಥೆಯ ಮಾತು ಹೇಗೇ ಇರಲಿ, ಅವರ ಮಗಳು ಹೀರಾಬಾಯಿ ಬಡೋದೆಕರರು 1905ರಲ್ಲಿ ಹುಟ್ಟಿದುದು ಮಿರಜೆಯಲ್ಲಿ. 1937ರ ಅಕ್ಟೋಬರ್ 27ರಂದು ಪಾಂಡಿಚೇರಿಯ ಹಾದಿಯಲ್ಲಿ, ಮದರಾಸಿನ ದಕ್ಷಿಣಕ್ಕಿರುವ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಖಾನರು ದೇಹವಿಟ್ಟಾಗ ಅವರ ಕಳೇಬರವನ್ನು ತಂದು ಸಮಾಧಿಮಾಡಿದುದೂ ಈ ದರ್ಗಾದ ಆವರಣದಲ್ಲಿಯೇ. ಉರುಸಿನ ರಾತ್ರಿಗಳಲ್ಲಿ ಅವರ ಕಿರಾಣಾ ಪರಂಪರೆಯ ಗಾಯಕರು ಇಲ್ಲಿ ಬಂದು ಹಾಡಿ ಹೋಗುವುದು ಅಂದಿನಿಂದ ನಡೆದುಬಂದಿರುವ ಸೇವೆ.

ಈ ಸಮಾಧಿಯ ಮುಂದೆ ಕನ್ನಡಿಗನು ಸ್ವಲ್ಪ ಹೊತ್ತು ನಿಲ್ಲತಕ್ಕುದು. ಖಾನರು ಹುಬ್ಬಳ್ಳಿ–ಧಾರವಾಡಗಳಿಗೆ ಪದೇಪದೇ ಬಂದರು, ಕುಂದಗೋಳದ ನಾಡಗೀರರ ವಾಡೆಯಲ್ಲಿ ಉಳಿದರು, ಮೈಸೂರಿನ ಆಸ್ಥಾನದಲ್ಲಿ ಹಾಡಿ ಸಂಗೀತರತ್ನರೆನಿಸಿದರು, ತ್ಯಾಗರಾಜರ ಕೀರ್ತನೆಯನ್ನು ಶ್ರದ್ಧೆಯಿಂದ ಕಲಿತು ಧ್ವನಿಮುದ್ರಿಸಿದರು. ಕುಂದಗೋಳದ ರಾಮಭಾವು ಅವರ ಶಿಷ್ಯನಾಗಿ ಸವಾಯಿ ಗಂಧರ್ವನೆನಿಸಿದನು. ಆ ಗುರುವಿನ ಪಾದದಲ್ಲಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಕೃಷ್ಣೆಯಿಂದ ತುಂಗಭದ್ರೆಯವರೆಗಿನ ನಮ್ಮ ಸೀಮೆಯು ಹಿಂದುಸ್ತಾನಿ ಸಂಗೀತದ ನೆಲೆವೀಡಾದುದಕ್ಕೆ ಕಾರಣಗಳನ್ನು ಎಣಿಸುವಾಗ ಮಿರಜೆಯನ್ನು ಮೊದಲ ಸಾಲಿನಲ್ಲಿ ಇರಿಸಬೇಕು. ಹಾಗೆ ಇರಿಸಲು ಖಾನರೊಬ್ಬರೇ ಕಾರಣರೂ ಅಲ್ಲ. ಗ್ವಾಲಿಯರದ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರು ಮಿರಜೆಯ ಸಂಸ್ಥಾನಿಕರ ಆಶ್ರಯದಲ್ಲಿದ್ದಾಗ ಅವರಲ್ಲಿ ಕಲಿತವರು ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು. ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಸಂಗೀತವಿದ್ಯೆಯನ್ನು ಸಾಮಾನ್ಯ ಗೃಹಸ್ಥರ ಮಕ್ಕಳಿಗೂ ಎಟುಕುವಂತೆ ಮಾಡಿದ ಮಹಾನುಭಾವರು ಇವರೇ. ಅದೇ ಬಾಲಕೃಷ್ಣಬುವಾರ ಶಿಷ್ಯರಾದ ನೀಲಕಂಠಬುವಾ ಮಿರಜಕರರು ನಮಗೆ ಇನ್ನೂ ಸಮೀಪದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಅಂಧರಿಗೂ ಅನಾಥರಿಗೂ ಸ್ವರದ ಬೆಳಕನ್ನು ಕೊಟ್ಟ ಪಂಚಾಕ್ಷರ ಗವಾಯಿಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿತುದು ಈ ಬುವಾರಿಂದ. ಬಾಲಕನಾಗಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಮಲ್ಲಿಕಾರ್ಜುನ ಮನಸೂರರು ಮಿರಜೆಯಲ್ಲಿ ವರ್ಷಗಟ್ಟಲೆ ಸಾಧನೆ ಮಾಡಿ ತಳಪಾಯ ಹಾಕಿಕೊಂಡುದೂ ಇವರ ಬಳಿಯಲ್ಲಿಯೇ.

ದರ್ಗಾದಿಂದ ಅನತಿದೂರದಲ್ಲಿ ಸತಾರಮೇಕರರ ಗಲ್ಲಿಯಿದೆ. ಮಿರಜೆಯಲ್ಲಿ ಒಂದೇ ಒಂದು ಸ್ಥಳವನ್ನು ನೋಡಲು ಅವಕಾಶವಿರುವವನಿಗೆ ನಾವು ಸೂಚಿಸುವ ಸ್ಥಳ ಇದೇ. ಇಲ್ಲಿಯ ಕುಶಲಿಗಳ ಪೂರ್ವಜರು ಶಿಕಲಗಾರರು, ಅರ್ಥಾತ್ ಖಡ್ಗ ಕಠಾರಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದವರು. ಪೇಶವಾಯಿ ಅಳಿದು ಕಂಪನಿಯ ಆಳಿಕೆ ಬಂದು ಯುದ್ಧಗಳು ನಿಂತುಹೋದ ಮೇಲೆ ಕಸುಬಿಗೆ ಕುಂದು ಬಂದಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫರೀದಸಾಹೇಬರೆಂಬವರು ಸಂಸ್ಥಾನಿಕರ ಪ್ರೋತ್ಸಾಹದಿಂದ ತಂಬೂರಿಗಳ ದುರಸ್ತಿಗೆ ತೊಡಗಿ, ಕ್ರಮೇಣ ಹೊಸ ತಂಬೂರಿ, ಸಿತಾರ, ವೀಣೆಗಳನ್ನೇ ನಿರ್ಮಿಸಲಾರಂಭಿಸಿದರು. ಅವರ ಸಂತತಿಯವರು ಆರೇಳು ತಲೆಮಾರುಗಳಿಂದ ಅದೇ ಕಾಯಕದಲ್ಲಿದ್ದಾರೆ. ಬುರುಡೆಯಾಗುವ ದಪ್ಪ ಸೋರೆಕಾಯಿ ಬರುವುದು ಮಂಗಳವೇಢೆಯ ಹೊಲಗಳಿಂದ. ದಂಡಿಗೂ ತಬಲಿಗೂ, ಎಂದರೆ ಬುರುಡೆಯ ಬಾಯಿಗೆ ಹೊದಿಸುವ ಹಲಗೆಗೂ, ಮರ ಬರುವುದು ಕರ್ನಾಟಕದ ಕಾಡುಗಳಿಂದ. ಕಾಯನ್ನು ತಿಂಗಳಾನುಗಟ್ಟಲೆ ಒಣಗಿಸಿ, ನೀರಿನಲ್ಲಿ ನೆನೆಸಿ, ಒಳಗಿನ ತಿರುಳನ್ನು ಕೆರೆದು ತೆಗೆದು, ಆಕಾರ ತಿದ್ದಿ, ದಂಡಿಗೆ ಜೋಡಿಸಿ, ಮೇಲೆ ಅರಗಿನ ಮೆರುಗು ಕೊಟ್ಟು, ಬಿರಡೆಗಳನ್ನು ತಿರುಗಿಸಿ ತಂತಿ ಬಿಗಿದ ಮೇಲೆ ಉಳಿಯುವುದು ಎಲ್ಲಕ್ಕಿಂತ ಕಠಿನವಾದ ಕೆಲಸ: ಜವಾರಿ. ಕುದುರೆಯ ಮೈಯನ್ನು ಅರದಿಂದ ಅತಿಸೂಕ್ಷ್ಮವಾಗಿ ಉಜ್ಜಿ, ತಂತಿಯು ಅದರ ಮೇಲೆ ಎಲ್ಲಿ ತಾಕಬೇಕೋ ಅಲ್ಲಿ ಮಾತ್ರ ತಾಕಿ ಝೇಂಕರಿಸುವಂತೆ ಮಾಡುವುದು, ಜೀವಾಳಿಯ ನೂಲನ್ನು ಸರಿಸಿದಾಗ ನಾದವು ತುಂಬಿ ಅರಳುವಂತೆ ಅನುಗೊಳಿಸುವುದು; ಇದಕ್ಕೆ ಅಳತೆಗೋಲು ಇಲ್ಲ, ಕಿವಿಯೊಂದೇ ಪ್ರಮಾಣ. ಅಬ್ದುಲ್ ಕರೀಂ ಖಾನರು ಸ್ವತಃ ಹತಾರಗಳನ್ನು ಇಟ್ಟುಕೊಂಡು ತಂಬೂರಿಗಳನ್ನು ಸರಿಪಡಿಸಬಲ್ಲವರಾಗಿದ್ದರೆಂಬುದನ್ನು ನೆನೆದರೆ, ಗಾಯಕನಿಗೂ ಕಸುಬುದಾರನಿಗೂ ಇಲ್ಲಿ ಎಂಥ ಸಲುಗೆ ಇದ್ದಿತೆಂಬುದು ತಿಳಿದೀತು. 2024ರಲ್ಲಿ ಮಿರಜೆಯ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಒಳ್ಳೆಯದಾಯಿತು; ಆದರೆ ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿ ಹಾಡುವ ಈ ಕಾಲದಲ್ಲಿ ಆ ಗಲ್ಲಿಯ ಮಕ್ಕಳು ಅರವನ್ನು ಕೈಗೆತ್ತಿಕೊಳ್ಳಬೇಕಾದರೆ ಮನ್ನಣೆಯ ಪತ್ರ ಸಾಲದು, ಕೊಳ್ಳುವವರು ಬೇಕು.

ಇನ್ನು ಆಸ್ಪತ್ರೆಯ ವಿಷಯ. ಕೆನಡಾ ದೇಶದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1889ರಲ್ಲಿ ಸಾಂಗಲಿಗೆ ಬಂದು, ಕೆಲಕಾಲಾನಂತರ ಮಿರಜೆಗೆ ತೆರಳಿ, ಸಂಸ್ಥಾನಿಕರಿಂದ ದೊರೆತ ಸ್ಥಳದಲ್ಲಿ 1894ರಲ್ಲಿ ಆಸ್ಪತ್ರೆಯನ್ನು ಕಟ್ಟಿದರು. 1897ರಲ್ಲಿ ವೈದ್ಯಕೀಯ ಶಾಲೆಯನ್ನೂ ಆರಂಭಿಸಿದರು. ಕುಷ್ಠರೋಗಿಗಳಿಗೊಂದು, ಕ್ಷಯರೋಗಿಗಳಿಗೊಂದು ಪ್ರತ್ಯೇಕ ಆಲಯಗಳು ಮುಂದೆ ಹುಟ್ಟಿದವು. ಕ್ಷಯದ ಆರೋಗ್ಯಧಾಮವಿರುವ ಸ್ಥಳ ಇಂದಿಗೂ ವಾನ್ಲೆಸವಾಡಿ. ಶಸ್ತ್ರಚಿಕಿತ್ಸೆಯೆಂದರೆ ಸಾವಿನ ಇನ್ನೊಂದು ಹೆಸರೆಂದು ಜನ ನಡುಗುತ್ತಿದ್ದ ದಿನಗಳಲ್ಲಿ, ಕಣ್ಣಿನ ಪೊರೆ ಕಳೆಸಿಕೊಳ್ಳಲು, ಹೊಟ್ಟೆಯ ಗಡ್ಡೆ ತೆಗೆಸಿಕೊಳ್ಳಲು, ಅಥಣಿ, ಚಿಕ್ಕೋಡಿ, ಜಮಖಂಡಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದ ರೋಗಿಗಳ ಸಂಗಡ ಕನ್ನಡವೂ ಆ ಆಸ್ಪತ್ರೆಯ ಅಂಗಳಗಳಿಗೆ ಬಂದಿತು. ಕೊಲ್ಲಾಪುರದ ಶಾಹು ಮಹಾರಾಜರು ಕಿವಿಯ ಚಿಕಿತ್ಸೆಗೆಂದು ಇಲ್ಲಿಗೆ ಕಳುಹಿಸಿದ ಹುಡುಗನೊಬ್ಬನು ಅದೇ ಊರಿನಲ್ಲಿ ಕಿರ್ಲೋಸ್ಕರ ಮಂಡಳಿಯ ರಂಗದ ಮೇಲೆ ಕಾಲಿಟ್ಟು ಮರಾಠಿ ರಂಗಭೂಮಿಯ ಬಾಲಗಂಧರ್ವನಾದುದು ಪ್ರಸಿದ್ಧವಾದ ಸಂಗತಿ. ಈಗ ಮಿರಜೆಯ ಬೀದಿಬೀದಿಗಳಲ್ಲಿ ಆಸ್ಪತ್ರೆಗಳಿದ್ದು, ಸುತ್ತಲಿನ ಜಿಲ್ಲೆಗಳ ಜನ ಇದನ್ನು ವೈದ್ಯನಗರಿಯೆನ್ನುತ್ತಾರೆ. ಅದರ ಬೀಜ ಬಿತ್ತಿದವರು ವಾನ್ಲೆಸರು. ರೈಲು ಬಾರದಿದ್ದರೆ ಈ ಖ್ಯಾತಿ ಇಷ್ಟು ದೂರ ಹಬ್ಬುತ್ತಿರಲಿಲ್ಲವೆಂಬುದೂ ನಿಜ: ಪುಣೆಯ ಕಡೆಯದು, ಬೆಳಗಾವಿ–ಲೋಂಡಾಗಳದು, ಕೊಲ್ಲಾಪುರದ್ದು, ಪಂಢರಪುರದಿಂದ ಬಂದ ಬಾರ್ಶಿಯ ಪುಟ್ಟ ಗಾಡಿಯದು, ಹೀಗೆ ಹಾದಿಗಳೆಲ್ಲ ಮಿರಜೆಯಲ್ಲಿ ಕೂಡಿ, ಒಂದು ಕಾಲಕ್ಕೆ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಎಂಬ ಮೂರು ಅಳತೆಯ ಹಳಿಗಳೂ ಒಂದೇ ನಿಲ್ದಾಣದಲ್ಲಿ ಕಾಣಸಿಗುತ್ತಿದ್ದವು.

ಮಿರಜೆಯಿಂದ ಸಾಂಗಲಿಗೆ ಹೋಗುವ ದಾರಿಯ ನಡುವೆ, ವಿಶ್ರಾಮಬಾಗಿನಲ್ಲಿ, ಡೆಕ್ಕನ್ ಎಜುಕೇಶನ್ ಸೊಸಾಯಿಟಿಯು 1919ರಲ್ಲಿ ಸ್ಥಾಪಿಸಿದ ವಿಲಿಂಗ್ಡನ್ ಕಾಲೇಜಿದೆ. ಪ್ರವಾಸಿಗಳಾರೂ ಇಲ್ಲಿ ಇಳಿಯುವುದಿಲ್ಲ, ಕನ್ನಡಿಗನು ಇಳಿಯಬೇಕು. ರಂ. ಶ್ರೀ. ಮುಗಳಿಯವರು ದೀರ್ಘಕಾಲ ಕನ್ನಡ ಅಧ್ಯಾಪಕರಾಗಿದ್ದುದು ಇಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು 1956ರಲ್ಲಿ ಪಡೆದ ಅವರ ಕನ್ನಡ ಸಾಹಿತ್ಯ ಚರಿತ್ರೆಯು ಈ ಅಧ್ಯಾಪನದ ವರ್ಷಗಳಲ್ಲಿ ಸಿದ್ಧವಾದುದು. ಆಕ್ಸ್‌ಫರ್ಡಿನಿಂದ ಹಿಂದಿರುಗಿದ ವಿನಾಯಕ ಕೃಷ್ಣ ಗೋಕಾಕರು ಇದೇ ಕಾಲೇಜಿನ ಪ್ರಾಚಾರ್ಯರಾಗಿದ್ದರು. ಕನ್ನಡ ಸಾಹಿತ್ಯದ ಸಮಗ್ರ ಇತಿಹಾಸವೊಂದು ಮರಾಠಿ ಸಂಸ್ಥಾನದ ರಾಜಧಾನಿಯ ಹೊರವಲಯದಲ್ಲಿ ರೂಪುಗೊಂಡಿತೆಂಬುದು ಈಗಿನ ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು. ಅಂದಿನವರಿಗೆ ಹಾಗೆನಿಸಿರಲಾರದು, ಏಕೆಂದರೆ ಆ ಸಂಸ್ಥಾನದ ಪ್ರಜೆಗಳಲ್ಲಿಯೇ ಅನೇಕರು ಕನ್ನಡಿಗರು.

ಆ ವೃತ್ತಾಂತ ಹೀಗಿದೆ. ಮಿರಜೆಯ ಪಟವರ್ಧನ ಮನೆತನದಲ್ಲಿ ಚಿಂತಾಮಣರಾವ ಅಪ್ಪಾಸಾಹೇಬರಿಗೂ ಅವರ ಚಿಕ್ಕಪ್ಪ ಗಂಗಾಧರರಾಯರಿಗೂ ವೈಮನಸ್ಸು ಬೆಳೆದು, 1801ರಲ್ಲಿ ಅಪ್ಪಾಸಾಹೇಬರು ಬೇರೆಯಾಗಿ ಕೃಷ್ಣಾತೀರದ ಸಣ್ಣ ಹಳ್ಳಿಯಾಗಿದ್ದ ಸಾಂಗಲಿಯನ್ನು ತಮ್ಮ ರಾಜಧಾನಿಯಾಗಿ ಕಟ್ಟಿದರು. ಅವರ ಸಂಸ್ಥಾನದ ತಾಲೂಕುಗಳಲ್ಲಿ ತೇರದಾಳ, ಶಿರಹಟ್ಟಿ, ಬೆಳಗಾವಿಯ ಮಗ್ಗುಲಿನ ಶಹಾಪುರ ಇವು ಕನ್ನಡ ಸೀಮೆಯವು. ಬಸವಣ್ಣನವರು ಬಿಜ್ಜಳನ ಬಳಿಯಲ್ಲಿದ್ದ ಮಂಗಳವಾಡವೂ, ಎಂದರೆ ಇಂದಿನ ಮಂಗಳವೇಢೆಯೂ, ಸಾಂಗಲಿಗೇ ಸೇರಿತ್ತು. ಕನ್ನಡದ ತಿರುಳ ನಾಡಿಗೆ ಮೇರೆಯೆಂದು ಕವಿರಾಜಮಾರ್ಗವು ಎಣಿಸುವ ಪುಲಿಗೆರೆ, ಈಗಿನ ಲಕ್ಷ್ಮೇಶ್ವರ, ಮಿರಜೆ ಸಂಸ್ಥಾನದ ಹಿರಿಯ ಶಾಖೆಯ ಅಧೀನದಲ್ಲಿದ್ದಿತು. ಈ ಆಳಿಕೆಯ ನೆನಪೆಲ್ಲ ಮಧುರವಾದುದೆಂದು ಹೇಳಿದರೆ ಅಸತ್ಯವಾದೀತು. ಪಟವರ್ಧನರ ದಂಡಿನೊಡನೆ ಬಂದ ಪಿಂಡಾರಿಗಳು 1791ರಲ್ಲಿ ಶೃಂಗೇರಿಯ ಮಠವನ್ನು ಸೂರೆಗೊಂಡರು. ಟೀಪೂ ಸುಲ್ತಾನನು ಮಠದ ಪುನರುದ್ಧಾರಕ್ಕೆ ನೆರವಾದನು. ಗಣಪತಿಯ ಪರಮಭಕ್ತರಾದ ಮನೆತನದ ಸೈನ್ಯ ಶಾರದೆಯ ಪೀಠವನ್ನು ದೋಚಿತು, ಮುಸಲ್ಮಾನ ದೊರೆ ಅದನ್ನು ಸರಿಪಡಿಸಿದನು. ಇತಿಹಾಸವನ್ನು ಧರ್ಮದ ಎರಡು ಬಣ್ಣಗಳಲ್ಲಿ ಬರೆಯಹೊರಟವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಆದರೂ 2009ರ ಗಣೇಶೋತ್ಸವದಲ್ಲಿ ಅಫಜಲಖಾನ ವಧೆಯ ಚಿತ್ರವಿದ್ದ ಕಮಾನೊಂದರ ನೆವದಿಂದ ಮಿರಜೆ–ಸಾಂಗಲಿಗಳಲ್ಲಿ ಗಲಭೆಯೆದ್ದು ಊರುಗಳು ದಿನಗಟ್ಟಲೆ ಬಾಗಿಲು ಮುಚ್ಚಿಕೊಂಡಾಗ, ಅಬ್ದುಲ್ ಕರೀಂ ಖಾನಸಾಹೇಬರು ಮಲಗಿರುವ ಊರಿಗೆ ಈ ಗತಿಯೇ ಎಂದು ಸಂಗೀತಪ್ರಿಯರಾದವರೆಲ್ಲ ನೊಂದರು.

ಸಾಂಗಲಿಯ ಗಣಪತಿ ದೇವಾಲಯವನ್ನು ಅಪ್ಪಾಸಾಹೇಬರು 1811ರಲ್ಲಿ ಕಟ್ಟಿಸತೊಡಗಿದರು. ಮುಗಿಯುವುದಕ್ಕೆ ಮೂರು ದಶಕಗಳು ಹಿಡಿದವು. ಕೃಷ್ಣೆಯ ಪ್ರವಾಹವು ವರ್ಷವರ್ಷವೂ ಬೆದರಿಸುವ ತೀರದಲ್ಲಿ ಕರಿಯ ಕಲ್ಲಿನಿಂದ ಎತ್ತಿ ನಿಲ್ಲಿಸಿದ ಈ ಪಂಚಾಯತನವು, ನಡುವೆ ಗಣೇಶ, ಸುತ್ತ ಶಿವ, ಸೂರ್ಯ, ದೇವಿ, ಲಕ್ಷ್ಮೀನಾರಾಯಣ, ಅಲಂಕಾರದ ಅತಿಶಯವಿಲ್ಲದೆ ಗಾಂಭೀರ್ಯದಿಂದ ಶೋಭಿಸುತ್ತಿದೆ. ಪಕ್ಕದಲ್ಲಿ 1929ರ ಅರ್ವಿನ್ ಸೇತುವೆ. ನದಿಯ ಮಟ್ಟವನ್ನು ಊರು ಓದಿಕೊಳ್ಳುವುದು ಆ ಸೇತುವೆಯಲ್ಲಿ. ಅಪಾಯದ ಗುರುತು 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನು ದಾಟಿ ಪೇಟೆಯನ್ನೆಲ್ಲ ಮುಳುಗಿಸಿತು. ಕೃಷ್ಣೆಗೆ ವಾರಣೆ ಬಂದು ಕೂಡುವ ಹರಿಪುರದಲ್ಲಿ ಸಂಗಮೇಶ್ವರನ ಗುಡಿಯುಂಟು, ಅರಿಸಿನ ತುಂಬಿಡುವ ಹಗೇವುಗಳೂ ಉಂಟು. ನಮ್ಮ ರೈತರು ಜೋಳಕ್ಕೆ ತೋಡುತ್ತಿದ್ದಂಥ ಹಗೇವುಗಳನ್ನೇ ಇಲ್ಲಿಯ ವರ್ತಕರು ಅರಿಸಿನಕ್ಕೆ ತೋಡಿ, ಹುಳು ಬೀಳದಂತೆ, ಬಣ್ಣ ಕುಂದದಂತೆ ವರ್ಷಗಟ್ಟಲೆ ಕಾಪಾಡುತ್ತಿದ್ದರು. 2005ರ ಮಹಾಪೂರವು ಅವುಗಳಲ್ಲಿ ಬಹಳಷ್ಟನ್ನು ಹಾಳುಮಾಡಿತು.

ಇನ್ನು ನಾಟ್ಯಮಂದಿರ. ಸಾಂಗಲಿಯನ್ನು ಮರಾಠಿಗರು ನಾಟ್ಯಪಂಢರಿಯೆಂದು ಕರೆಯುವರು. ಅಪ್ಪಾಸಾಹೇಬರ ಮುಪ್ಪಿನ ಕಾಲದಲ್ಲಿ, 1842ರಲ್ಲಿ, ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತರ ಮೇಳವೊಂದು ಘಟ್ಟ ಹತ್ತಿ ಸಾಂಗಲಿಗೆ ಬಂದು ರಾಜಸನ್ನಿಧಿಯಲ್ಲಿ ಯಕ್ಷಗಾನದ ಆಟವಾಡಿತು. ಭಾಗವತನು ಪದ ಹಾಡುವನು, ಹಾಸ್ಯಗಾರನು ನಗಿಸುವನು, ವೇಷಧಾರಿಗಳು ಪದದ ಅರ್ಥವನ್ನು ಆಶುವಾಗಿ ವಿಸ್ತರಿಸುವರು, ರಾಕ್ಷಸರು ಅಬ್ಬರಿಸಿ ಪ್ರವೇಶಿಸುವರು. ಕಂಡು ಮೆಚ್ಚಿದ ಅರಸರು ತಮ್ಮ ಆಶ್ರಿತನಾದ ವಿಷ್ಣು ಅಮೃತ ಭಾವೆಯೆಂಬ ತರುಣನನ್ನು ಕರೆದು, ಮರಾಠಿಯಲ್ಲಿಯೂ ಇಂಥದನ್ನು, ಇನ್ನಷ್ಟು ತಿದ್ದಿ, ರಚಿಸಬೇಕೆಂದು ಆಜ್ಞಾಪಿಸಿದರು. 1843ರ ನವೆಂಬರ್ 5ರಂದು ಸೀತಾಸ್ವಯಂವರವು ಅರಮನೆಯಲ್ಲಿ ಪ್ರಯೋಗವಾಯಿತು. ಮರಾಠಿ ರಂಗಭೂಮಿಯ ಜನ್ಮದಿನವೆಂದು ಆಚರಿಸುವುದು ಅದನ್ನೇ. ಸೂತ್ರಧಾರನೇ ಎಲ್ಲ ಪದಗಳನ್ನು ಹಾಡುವುದು, ವಿದೂಷಕನು ನಡುನಡುವೆ ಬರುವುದು, ಪಾತ್ರಧಾರಿಗಳು ಮಾತನ್ನು ತಾವೇ ಹೆಣೆಯುವುದು, ಇವೆಲ್ಲ ಭಾವೆಯ ನಾಟಕಗಳಲ್ಲಿ ಉಳಿದುವು. ತಾವು ಕರ್ನಾಟಕದ ಭಾಗವತರಿಗೆ ಋಣಿಯೆಂಬುದನ್ನು ಭಾವೆಯವರು ಮರೆಮಾಚಲೂ ಇಲ್ಲ. 1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡು ರಾಜಾಶ್ರಯ ತಪ್ಪಿದ ಮೇಲೆ ಆ ಮಂಡಳಿಯು ಊರೂರು ಸಂಚರಿಸಿ, 1853ರಲ್ಲಿ ಮುಂಬಯಿಯನ್ನು ಮುಟ್ಟಿತು.

ಕಥೆಯ ಎರಡನೆಯ ಭಾಗವು ಇನ್ನೂ ರಮ್ಯವಾದುದು. ಭಾವೆಯವರ ಮಾದರಿಯ ಮರಾಠಿ ಮಂಡಳಿಗಳು ಹುಬ್ಬಳ್ಳಿ, ಧಾರವಾಡ, ಗದಗುಗಳಲ್ಲಿ ಬೀಡುಬಿಟ್ಟು ಕನ್ನಡಿಗರನ್ನೆಲ್ಲ ಮರಾಠಿಯ ರಸಿಕರನ್ನಾಗಿ ಮಾಡತೊಡಗಿದಾಗ, ಗದುಗಿನಲ್ಲಿ ಶಿಕ್ಷಕರಾಗಿದ್ದ ಸಕ್ಕರಿ ಬಾಳಾಚಾರ್ಯರು, ನಮ್ಮ ಶಾಂತಕವಿಗಳು, ಅಭಿಮಾನದಿಂದ ನೊಂದು ಎದ್ದು, 1870ರ ದಶಕದಲ್ಲಿ ತಾವೇ ಕನ್ನಡ ನಾಟಕಗಳನ್ನು ಬರೆದು ಮಂಡಳಿ ಕಟ್ಟಿದರು. ಉತ್ತರ ಕರ್ನಾಟಕದ ವೃತ್ತಿರಂಗಭೂಮಿ ಹುಟ್ಟಿದುದು ಹೀಗೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಶಾಕುಂತಲವನ್ನು ಸಂಗೀತನಾಟಕವಾಗಿ ಆಡಿಸಿ ಮರಾಠಿಗೆ ಹೊಸ ದಾರಿಯನ್ನು ತೆರೆದರು. ಹರಿಪುರದ ಗೋವಿಂದ ಬಲ್ಲಾಳ ದೇವಲರೂ ಸಾಂಗಲಿಯಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲಕರರೂ ಆ ದಾರಿಯನ್ನು ರಾಜಮಾರ್ಗ ಮಾಡಿದರು. ಅದರ ಸಂಗೀತ, ಪರದೆ, ಉಡುಪುಗಳನ್ನು ನೋಡಿ ಕಲಿತು ನಮ್ಮ ಗರೂಡ ಸದಾಶಿವರಾಯರೂ ವಾಮನರಾವ ಮಾಸ್ತರರೂ ತಮ್ಮ ಕಂಪನಿಗಳನ್ನು ಬೆಳೆಸಿದರು. ಕರ್ಕಿಯಿಂದ ಸಾಂಗಲಿಗೆ ಹೋದುದು ಗದುಗಿಗೆ ಮರಳಿತು, ಗುರ್ಲಹೊಸೂರಿನಿಂದ ಪುಣೆಗೆ ಹೋದುದು ಹುಬ್ಬಳ್ಳಿಗೆ ಬಂದಿತು. ಕರ್ನಾಟಕ–ಮಹಾರಾಷ್ಟ್ರಗಳ ಗಡಿಯ ವ್ಯಾಜ್ಯವು ನ್ಯಾಯಾಲಯದಲ್ಲಿ ಎಷ್ಟು ವರ್ಷವಾದರೂ ನಡೆಯಲಿ, ಈ ಲೆಕ್ಕವನ್ನು ಯಾವ ಪಕ್ಷವೂ ಒಂಟಿಯಾಗಿ ತನ್ನದೆನ್ನಲಾರದು.

ಸಾಂಗಲಿಯ ನಾಟ್ಯಸಂಸ್ಥೆಯು ಭಾವೆಯವರ ಹೆಸರಿನಲ್ಲಿ ಕೊಡುವ ಗೌರವಪದಕವನ್ನು ಮರಾಠಿ ರಂಗಭೂಮಿಯವರು ತಮ್ಮ ಪರಮಸಮ್ಮಾನವೆಂದು ಎಣಿಸುತ್ತಾರೆ. ನಮ್ಮ ರಾಜ್ಯೋತ್ಸವವು ನವೆಂಬರ್ 1ರಂದು, ಅವರ ರಂಗಭೂಮಿ ದಿನವು ನಾಲ್ಕು ದಿನಗಳ ಬಳಿಕ. ಆ ವಾರದಲ್ಲಿ ವರ್ಷಕ್ಕೊಮ್ಮೆಯಾದರೂ ಹೊನ್ನಾವರ ಸೀಮೆಯ ಮೇಳವೊಂದನ್ನು ಸಾಂಗಲಿಗೆ ಕಳುಹಿಸಿ, ಭಾವೆಯವರ ಹೆಸರಿನ ನಾಟ್ಯಮಂದಿರದಲ್ಲಿ ಸೀತಾಸ್ವಯಂವರದ ಪ್ರಸಂಗವನ್ನು ಆಡಿಸುವುದು ಕರ್ನಾಟಕ ಯಕ್ಷಗಾನ ಅಕಾಡೆಮಿಗೆ ಅಸಾಧ್ಯವಾದ ಕಾರ್ಯವಲ್ಲ. ಸಾಂಗಲಿ ಜಿಲ್ಲೆಯದೇ ಆದ ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅಕಾಡೆಮಿಯು ಈ ಕೆಲಸವನ್ನು ಕೈಗೊಳ್ಳಬೇಕು.